ಸಣ್ಣ ಅಲೆಯ ಹಲಗೆ

ಸರ್ಫಿಂಗ್‌ನ ಚರಿತ್ರೆ ಬರೆದವರು ಬಹುಪಾಲು ದೊಡ್ಡ ಅಲೆಗಳ ಹಿಂದೆಯೇ ಹೋಗಿದ್ದಾರೆ. ಮನೆಯೆತ್ತರದ ನೀರಿನ ಗೋಡೆ, ಅದರಡಿ ಚುಕ್ಕೆಯಂಥ ಮನುಷ್ಯ. ಫೋಟೋ ಚೆನ್ನಾಗಿ ಬರುತ್ತದೆ. ಆದರೆ ಸಾಮಾನ್ಯ ತೀರಗಳಲ್ಲಿ ದಿನನಿತ್ಯ ಏಳುವುದು ಸೊಂಟದೆತ್ತರದ ಅಲೆ. ಮರಳ ದಿಣ್ಣೆಗೆ ತಾಗಿ, ಗಡಿಬಿಡಿಯಲ್ಲಿ ಒಡೆದು ಮುಗಿದೇ ಹೋಗುತ್ತದೆ. ಅದಕ್ಕೆ ಎಂಥ ಹಲಗೆ ಬೇಕು? ಕರಾವಳಿಯ ಮರಗೆಲಸದ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನಾನು ಈ ಪ್ರಶ್ನೆಗೆ ಬಂದದ್ದು ಮರದ ದಾರಿಯಿಂದ.

ಹವಾಯಿಯಲ್ಲಿ ಹಲಗೆಗೂ ಅಂತಸ್ತಿತ್ತು. ‘ಓಲೋ’ ಅರಸುಮನೆತನದವರದು. ಉದ್ದ, ದಪ್ಪ, ಒಡೆಯದೆ ಉರುಳಿಬರುವ ಆಳನೀರಿನ ಅಲೆಗೆ ಹೇಳಿಸಿದ್ದು. ಅದಕ್ಕೆ ಬಳಸುತ್ತಿದ್ದ ಹಗುರ ವಿಲಿವಿಲಿ ನಮ್ಮ ಹಾಲಿವಾಣದ ಕುಲದ್ದೇ ಮರ. ‘ಅಲಾಯಾ’ ಎಲ್ಲರದು. ತೆಳ್ಳಗೆ, ಗಿಡ್ಡ, ಕೋವಾ ಮರದ್ದು, ಇಲ್ಲವೇ ಜೀಗುಜ್ಜೆ ಮರದ್ದು. ದಡದ ಬಳಿ ಥಟ್ಟನೆ ಒಡೆಯುವ ಅಲೆಗೆ ಅದೇ ಸರಿ. ಆದರೆ ಹೊನಲುಲುವಿನ ಬಿಷಪ್ ಮ್ಯೂಸಿಯಂನಲ್ಲಿದ್ದ ಅರಸುಮನೆತನದ ಹಲಗೆಗಳನ್ನು 1920ರ ದಶಕದಲ್ಲಿ ದುರಸ್ತಿ ಮಾಡಿದ ಟಾಮ್ ಬ್ಲೇಕ್ ಮನಸೋತದ್ದು ಓಲೋಗೆ. ಅದರ ತೂಕ ತಗ್ಗಿಸಲು ಒಳಗೆ ಟೊಳ್ಳು ಮಾಡಿದ. 1935ರಲ್ಲಿ ಅಡಿಗೆ ಫಿನ್ ಸೇರಿಸಿದ. ಸಾಮಾನ್ಯರ ಅಲಾಯಾ ಮರೆಗೆ ಸರಿಯಿತು.

ಸಣ್ಣ ಅಲೆಯಲ್ಲಿ ಕಸುವು ಕಡಿಮೆ, ಹಾಗಾಗಿ ಹಲಗೆಯೇ ಸವಾರನನ್ನು ತೇಲಿಸಿ ಮುಂದಕ್ಕೊಯ್ಯಬೇಕು. ಅಗಲ ಬೇಕು, ದಪ್ಪ ಬೇಕು, ತಳ ಚಪ್ಪಟೆಯಿರಬೇಕು. ದೋಣಿಯ ಮೂತಿಯಂತೆ ಮೇಲಕ್ಕೆ ಬಾಗಿದ ಹಲಗೆ ಕಡಿದಾದ ಅಲೆಯಲ್ಲಿ ಸವಾರನನ್ನು ಉಳಿಸುತ್ತದೆ, ಸಣ್ಣದರಲ್ಲಿ ನೀರನ್ನು ತಳ್ಳುತ್ತಾ ನಿಂತುಬಿಡುತ್ತದೆ.

1967ರ ಹೊತ್ತಿಗೆ ಸ್ಯಾನ್ ಡಿಯಾಗೋದ ಸ್ಟೀವ್ ಲಿಸ್ ಎಂಬ ಹುಡುಗ ಐದಡಿಗೂ ಗಿಡ್ಡವಾದ ಹಲಗೆಯೊಂದನ್ನು ಮಾಡಿದ. ಅಗಲ ಮೈ, ಮೀನಿನ ಬಾಲದಂತೆ ಸೀಳಿದ ಹಿಂಬದಿ, ಅಡಿಯಲ್ಲಿ ಎರಡು ಫಿನ್. ಹೆಸರೂ ‘ಫಿಶ್’ ಎಂದೇ ಆಯಿತು. ತಮಾಷೆಯೆಂದರೆ ಅದು ನಿಂತು ಸವಾರಿ ಮಾಡಲು ಮಾಡಿದ್ದೇ ಅಲ್ಲ, ಮೊಣಕಾಲೂರಿ ಹೋಗಲು. 1972ರ ವಿಶ್ವ ಸ್ಪರ್ಧೆ ಅದೇ ಊರಿನಲ್ಲಿ, ಸಣ್ಣ ಅಲೆಗಳಲ್ಲಿ ನಡೆಯಿತು. ಗೆದ್ದ ಜಿಮ್ಮಿ ಬ್ಲೇರ್ಸ್, ಎರಡನೆಯವನಾದ ಡೇವಿಡ್ ನುವುಹಿವಾ ಇಬ್ಬರೂ ಏರಿದ್ದು ಫಿಶ್. ಆದರೆ ನುವುಹಿವಾನ ಒಂದು ಹಲಗೆಯನ್ನು ಯಾರೋ ಕದ್ದು, ಮುರಿದು, ಓಶನ್ ಬೀಚಿನ ಕಟ್ಟೆಗೆ ನೇತುಹಾಕಿದ್ದರು. ನಮ್ಮೂರಿನ ಹಲಗೆ ಹೊರಗಿನವನಿಗೇಕೆ ಎಂಬ ಸಿಟ್ಟು. ಒಂದು ಆಕಾರ ಯಾರ ಸೊತ್ತು? ಪೇಟೆಂಟ್ ಕಚೇರಿ ಎತ್ತುವ ಪ್ರಶ್ನೆ ಇಲ್ಲಿ ಮುರಿದ ಹಲಗೆಯಾಗಿ ನೇತಾಡಿತು.

ಸಿಟ್ಟಿನಿಂದ ಏನೂ ನಿಲ್ಲಲಿಲ್ಲ. 1976ರಲ್ಲಿ ರೆನೋ ಅಬೆಲಿರಾ ಏರಿದ್ದ ಫಿಶ್ ಹಲಗೆಯನ್ನು ಆಸ್ಟ್ರೇಲಿಯಾದ ಮಾರ್ಕ್ ರಿಚರ್ಡ್ಸ್ ನೋಡಿದ. ಅದರಿಂದ ತನ್ನದೇ ಎರಡು ಫಿನ್ನಿನ ಹಲಗೆ ಕಟ್ಟಿ 1979ರಿಂದ 1982ರವರೆಗೆ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ. ಅದೇ ಹಲಗೆ ಭಾರೀ ಆಳು ಸೈಮನ್ ಆಂಡರ್ಸನ್ನನ ಕಾಲಡಿ ಜಾರುತ್ತಿತ್ತು. ಅವನು ಮೂರನೆಯ ಫಿನ್ ಸೇರಿಸಿ 1981ರಲ್ಲಿ ಬೆಲ್ಸ್ ಬೀಚಿನ ದೊಡ್ಡ ಅಲೆಗಳಲ್ಲಿ ಗೆದ್ದ. ಆಮೇಲೆ ಮೂರು ಫಿನ್ನೇ ಶಾಸ್ತ್ರ. ತೊಂಬತ್ತರ ದಶಕದಲ್ಲಿ ಚಾಂಪಿಯನ್ನರ ಹಲಗೆ ತೆಳುವಾಗಿ, ಕಿರಿದಾಗಿ, ಬಾಗಿ ಬಂತು, ಅಂಗಡಿಗಳಲ್ಲೂ ಅದೇ. ಭಾನುವಾರ ಮಾತ್ರ ಕಡಲಿಗಿಳಿಯುವ ಗುಮಾಸ್ತನೂ ಅದನ್ನೇ ಕೊಂಡು ಒದ್ದಾಡಿದ. ಇದನ್ನು ಪ್ರಗತಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಫಿಶ್ ಮತ್ತೆ ಅಂಗಡಿಗೆ ಬರಲು ಆ ದಶಕ ಕಳೆಯಬೇಕಾಯಿತು.

ನಮ್ಮ ಮೂಲ್ಕಿಯ ಬಳಿಯ ಸಸಿಹಿತ್ಲುವಿನಲ್ಲಿ, ಶಾಂಭವಿ ಮತ್ತು ನಂದಿನಿ ಕಡಲು ಸೇರುವಲ್ಲಿ, ಈಗ ಸರ್ಫಿಂಗ್ ಸ್ಪರ್ಧೆಗಳು ನಡೆಯುತ್ತವೆ. ತಳ ಮರಳು, ಮಳೆಗಾಲ ಬಿಟ್ಟರೆ ಅಲೆ ಸಾಧು. ಅಲ್ಲಿ ಕಲಿಯಲು ಹೊರಟವರು ಕೇಳಿದರೆ ನಾನು ಹೇಳುವುದಿಷ್ಟೇ: ಪೋಸ್ಟರಿನ ಹಲಗೆ ಬಿಡಿ, ಎದೆಗಿಂತ ಅಗಲವಾದ, ಮೂತಿ ಹೆಚ್ಚು ಬಾಗದ ದಪ್ಪನೆಯದನ್ನು ಕೇಳಿ ಪಡೆಯಿರಿ.