ಪರೀಕ್ಷೆಗೆ ಒಳಗಾಗದ ಮದ್ದು

ನಮ್ಮ ಹಳೆಯ ಗ್ರಂಥಗಳಲ್ಲಿ ತಾಂಬೂಲದ ವರ್ಣನೆಗೆ ಕೊರತೆಯಿಲ್ಲ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲಭೋಗಕ್ಕೆಂದೇ ಒಂದು ಭಾಗವಿದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ವೀಳ್ಯದೆಲೆಯ ಗುಣಗಳನ್ನು ಬೆರಗಿನಿಂದ ಬಣ್ಣಿಸಿದ್ದಾನೆ. ಆದರೆ ಇಂದು ಎಲೆಯಡಿಕೆಯ ತಟ್ಟೆಯನ್ನು ಅನೇಕ ಕಡೆ ಬಿಡದೆ ಸೇರಿಕೊಂಡಿರುವ ಹೊಗೆಸೊಪ್ಪಿನ ಮಾತು ಅವರಲ್ಲಿಲ್ಲ. ಇರುವುದಕ್ಕೆ ಸಾಧ್ಯವೂ ಇರಲಿಲ್ಲ. ಅದು ಅಮೆರಿಕಾ ಖಂಡದ ಗಿಡ. 1492ರಲ್ಲಿ ಕೊಲಂಬಸನು ಕಡಲು ದಾಟುವವರೆಗೆ ನಮ್ಮ ಕಡೆಯ ಜಗತ್ತಿಗೆ ಅದರ ಪರಿಚಯವೇ ಇರಲಿಲ್ಲ.

ನಾನು ಕನ್ನಡ ಪಾಠ ಹೇಳಿದವನೇ ಹೊರತು ವೈದ್ಯನಲ್ಲ. ಆದುದರಿಂದ ಈ ವಿಷಯವನ್ನು ಮಾತುಗಳ ಕಡೆಯಿಂದ ಪ್ರವೇಶಿಸುತ್ತೇನೆ. ‘ತಂಬಾಕು’ ಎಂಬುದು ಪರದೇಶದ ಮಾತು, ಪೋರ್ಚುಗೀಸರ ಹಡಗಿನೊಡನೆ ಬಂದದ್ದು. ‘ಹೊಗೆಸೊಪ್ಪು’ ನಮ್ಮವರು ಕಂಡದ್ದನ್ನು ಕಂಡ ಹಾಗೆ ಕಟ್ಟಿಕೊಂಡ ಸಮಾಸ. ಇವೆರಡಕ್ಕಿಂತ ‘ನಸ್ಯ’ ಎಂಬ ಮಾತಿನ ಕಥೆ ಹೆಚ್ಚು ವಿಚಾರಾರ್ಹವಾದುದು. ಚರಕಸಂಹಿತೆಯಲ್ಲಿ ನಸ್ಯವೆಂದರೆ ಮೂಗಿನ ಮೂಲಕ ಕೊಡುವ ಔಷಧ. ಆ ಹಳೆಯ, ಗೌರವದ ಹೆಸರು ಕಾಲಕ್ರಮದಲ್ಲಿ ಹೊಗೆಸೊಪ್ಪಿನ ಪುಡಿಗೆ ಅಂಟಿಕೊಂಡಿತು. ಮದ್ದಿನ ಹೆಸರನ್ನು ಹೊತ್ತುಕೊಂಡು ವ್ಯಸನವು ಮನೆಯೊಳಕ್ಕೆ ಬಂದಿತು. ಯುರೋಪಿನಲ್ಲಿ ನಡೆದದ್ದೂ ಇದೇ. 1560ರ ಸುಮಾರಿಗೆ ಪೋರ್ಚುಗಲ್ಲಿನಲ್ಲಿದ್ದ ಫ್ರೆಂಚ್ ರಾಯಭಾರಿ ಜಾನ್ ನಿಕೊ ಎಂಬುವನು ಈ ಸೊಪ್ಪನ್ನು ತನ್ನ ದೇಶದ ರಾಜಮಾತೆಗೆ ಔಷಧಿಯೆಂದೇ ಕಳುಹಿಸಿದನು. ‘ನಿಕೋಟಿನ್’ ಎಂಬ ಹೆಸರಿನಲ್ಲಿ ಇಂದಿಗೂ ಉಳಿದಿರುವವನು ಅವನೇ.

ಉತ್ತರದ ಮೊಗಲ್ ಆಸ್ಥಾನಕ್ಕೆ ಈ ಸೊಪ್ಪು ಹೋದದ್ದು ನಮ್ಮ ನಾಡಿನಿಂದ ಎಂಬ ಸಂಗತಿಯನ್ನು ನಾವು ಸಾಮಾನ್ಯವಾಗಿ ನೆನೆಯುವುದಿಲ್ಲ. ಎರಡನೆಯ ಇಬ್ರಾಹಿಂ ಆದಿಲ್ ಶಾಹನು ಬಿಜಾಪುರವನ್ನು, ಎಂದರೆ ಇಂದಿನ ವಿಜಯಪುರವನ್ನು, ಆಳುತ್ತಿದ್ದ ಕಾಲ. ಅಕ್ಬರನು ಅಸದ್ ಬೇಗ್ ಎಂಬುವನನ್ನು ಅಲ್ಲಿಗೆ ದೂತನನ್ನಾಗಿ ಕಳುಹಿಸಿದ್ದನು. ಹಿಂದೂಸ್ಥಾನದಲ್ಲಿ ಬೇರೆಲ್ಲಿಯೂ ಕಾಣದಿದ್ದ ತಂಬಾಕನ್ನು ತಾನು ಬಿಜಾಪುರದಲ್ಲಿ ಕಂಡೆನೆಂದು ಅವನೇ ಬರೆದಿಟ್ಟಿದ್ದಾನೆ. ಹಿಂದಿರುಗುವಾಗ ಅದನ್ನು ಹೇರಳವಾಗಿ ಕೊಂಡೊಯ್ದನು. ಅಚೀನ್ ದೇಶದ ಮೂರು ಮೊಳದ ಕೊಳವೆಗೆ ಎರಡು ತುದಿಯಲ್ಲೂ ರತ್ನಗಳನ್ನು ಕೂಡಿಸಿ, ಬೆಳ್ಳಿಯ ತಟ್ಟೆಯಲ್ಲಿಟ್ಟು ಚಕ್ರವರ್ತಿಗೆ ಅರ್ಪಿಸಿದನು. ಆದಿಲ್ ಶಾಹನು ಅವನಿಗೆ ಸೊಗಸಾದ ಒಂದು ತಾಂಬೂಲದ ಸಂಚಿಯನ್ನು ಉಡುಗೊರೆಯಾಗಿ ಕೊಟ್ಟಿದ್ದನಂತೆ. ಅಸದ್ ಬೇಗನು ಆ ಸಂಚಿಯಲ್ಲಿ ತುಂಬಿದ್ದು ತಂಬಾಕನ್ನು. ಮುಂದಿನ ನಾನೂರು ವರ್ಷಗಳಲ್ಲಿ ನಮ್ಮ ಜನರ ಎಲೆಯಡಿಕೆಯ ಸಂಚಿಗೆ ಏನಾಯಿತೆಂಬುದು ಆ ಒಂದು ಸಂಗತಿಯಲ್ಲಿಯೇ ಇದೆ.

ಇದು ನಡೆದದ್ದು 1605ರಲ್ಲಿ ಅಕ್ಬರನು ತೀರಿಕೊಳ್ಳುವುದಕ್ಕೆ ಸ್ವಲ್ಪ ಮುಂಚೆ. ಇದೇನೆಂದು ಅವನು ಕೇಳಲು, ಒಬ್ಬ ಸರದಾರನು ಇದು ಮೆಕ್ಕಾ ಮದೀನಗಳಲ್ಲಿಯೂ ಪ್ರಸಿದ್ಧವಾದ ತಂಬಾಕು, ಪ್ರಭುಗಳ ಔಷಧಕ್ಕೆಂದು ತಂದಿದ್ದಾರೆ ಎಂದನು. ಅಕ್ಬರನು ಎರಡು ಮೂರು ಸಲ ಸೇದಿ ನೋಡಿದನು. ಹಕೀಮನು ತಡೆದನು. ಆಗ ಸಭೆಯಲ್ಲಿ ಒಂದು ವಾದ ನಡೆಯಿತು. ಹಕೀಮನ ಮಾತಿನ ಸಾರ ಇಷ್ಟು: ಇದು ಪರೀಕ್ಷೆಗೆ ಒಳಗಾಗದ ಮದ್ದು, ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಮಾತಿಲ್ಲ, ಗುಣದೋಷವರಿಯದೆ ಪ್ರಭುಗಳಿಗೆ ಹೇಗೆ ಕೊಡುವುದು? ಅಸದ್ ಬೇಗನ ಉತ್ತರವೂ ಚತುರವಾದುದೇ. ಫರಂಗಿಯರಲ್ಲಿಯೂ ವಿದ್ವಾಂಸರಿದ್ದಾರೆ, ಅವರು ತಿಳಿಯದೆ ಬಳಸುವರೆ? ಲೋಕದ ಪದ್ಧತಿಗಳೆಲ್ಲ ಒಂದು ಕಾಲಕ್ಕೆ ಹೊಸವೇ ಆಗಿದ್ದುವಲ್ಲವೆ? ಅಕ್ಬರನು ಈ ವಾದವನ್ನು ಮೆಚ್ಚಿಕೊಂಡನು, ಆದರೆ ಅಭ್ಯಾಸವನ್ನು ಹಚ್ಚಿಕೊಳ್ಳಲಿಲ್ಲ. ಹಚ್ಚಿಕೊಂಡವರು ಆಸ್ಥಾನಿಕರು. ಅಸದ್ ಬೇಗನಿಂದ ಅವರೆಲ್ಲ ಬೇಡಿ ಪಡೆದರು. ವರ್ತಕರು ಮಾರತೊಡಗಿದರು.

ಈ ವಾದದಲ್ಲಿ ಅಡಗಿದ್ದ ಪ್ರಶ್ನೆ ದೊಡ್ಡದು. ಹೊಸ ವಸ್ತುವೊಂದು ಬಂದಾಗ ನಿರಪಾಯವೆಂದು ತೋರಿಸಿಕೊಡುವ ಹೊಣೆ ತಂದವನದೋ, ಅಪಾಯವೆಂದು ತೋರಿಸುವ ಹೊಣೆ ಸಂದೇಹಪಟ್ಟವನದೋ? ಅಂದು ಹೊಣೆ ಸಂದೇಹಪಟ್ಟವನ ಮೇಲೆ ಬಿದ್ದಿತು. ಅವನ ಕೈಯಲ್ಲಿ ಪ್ರಮಾಣವಿರಲಿಲ್ಲ.

ಅಕ್ಬರನ ಮನೆಯಲ್ಲೇ ವ್ಯಸನದ ಪ್ರಮಾಣ ಬೇಕಾದಷ್ಟಿತ್ತು. ಅವನ ಮಗ ಮುರಾದನು ಕುಡಿತದಿಂದ 1599ರಲ್ಲಿ ಸತ್ತನು. ಇನ್ನೊಬ್ಬ ಮಗ ದಾನಿಯಾಲನಿಗೆ ಮದ್ಯ ಸಿಗದಂತೆ ತಂದೆ ಕಾವಲಿಟ್ಟನು. ಸೇವಕನೊಬ್ಬನು ಬಂದೂಕಿನ ನಳಿಗೆಯಲ್ಲಿ ಮದ್ಯ ತುಂಬಿ ತಂದುಕೊಟ್ಟನು. ತುಕ್ಕು ಬೆರೆತ ಆ ಮದ್ಯವನ್ನು ಕುಡಿದು ಅವನೂ ಸತ್ತನು. ಇದನ್ನು ಬರೆದಿಟ್ಟ ಅಣ್ಣ ಜಹಾಂಗೀರನು ತನ್ನ ಸಂಗತಿಯನ್ನೂ ಮರೆಮಾಚಲಿಲ್ಲ. ಹದಿನೆಂಟರ ಹರೆಯದಲ್ಲಿ ಆರಂಭವಾದದ್ದು ದಿನಕ್ಕೆ ಇಪ್ಪತ್ತು ಬಟ್ಟಲು ಭಟ್ಟಿ ಮದ್ಯಕ್ಕೆ ಏರಿತು, ಕೈ ನಡುಗಿ ಬಟ್ಟಲನ್ನು ಬೇರೆಯವರು ಹಿಡಿಯಬೇಕಾಯಿತು ಎನ್ನುತ್ತಾನೆ. ಹಕೀಮನ ಎಚ್ಚರಿಕೆಯ ಮೇಲೆ ಮದ್ಯವನ್ನು ತಗ್ಗಿಸಿ ಅಫೀಮನ್ನು ಸೇರಿಸಿಕೊಂಡನು. ಇದೇ ಜಹಾಂಗೀರನು 1617ರಲ್ಲಿ ತಂಬಾಕು ಜನರ ದೇಹಪ್ರಕೃತಿಯನ್ನು ಕೆಡಿಸುತ್ತದೆಯೆಂದು ಅದನ್ನು ನಿಷೇಧಿಸಿದನು. ಅಪ್ಪಣೆ ಹೊರಟಿತು, ಹೊಗೆ ನಿಲ್ಲಲಿಲ್ಲ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನು 1604ರಲ್ಲಿ ತಂಬಾಕನ್ನು ಖಂಡಿಸಿ ಪುಸ್ತಕವನ್ನೇ ಬರೆದು, ಸುಂಕವನ್ನು ಸುಮಾರು ನಲವತ್ತು ಪಟ್ಟು ಏರಿಸಿದನು. ಅಲ್ಲಿಯೂ ಸೇದುವವರು ಬಿಡಲಿಲ್ಲ, ಬೊಕ್ಕಸಕ್ಕೆ ಆದಾಯದ ರುಚಿ ಹತ್ತಿತು.

ಮದ್ದಿನ ವೇಷ ತಂಬಾಕಿನೊಂದಿಗೆ ಮುಗಿಯಲಿಲ್ಲ. ಅಫೀಮಿನಿಂದ ಮಾರ್ಫಿನ್ ತೆಗೆದರು, ಮಾರ್ಫಿನ್ನಿನಿಂದ ಹೆರಾಯಿನ್ ಮಾಡಿದರು. 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ ಹೆರಾಯಿನ್ನನ್ನು ಕೆಮ್ಮಿನ ಔಷಧಿಯೆಂದು ಮಾರಿತು. ಮಾರ್ಫಿನ್ನಿನಂತೆ ಇದು ಚಟ ಹಿಡಿಸುವುದಿಲ್ಲವೆಂಬ ಭರವಸೆ ಅಂದು ಪ್ರಚಾರದಲ್ಲಿತ್ತು. ಅದು ಹಿಡಿಸಿದ ಚಟ ಎಷ್ಟು ತರುಣರನ್ನು ನುಂಗಿತೆಂಬುದನ್ನು ವಿವರಿಸಬೇಕಾಗಿಲ್ಲ. ನಮ್ಮ ಕಾಲದಲ್ಲಿ ವಿದ್ಯುತ್ ಸಿಗರೇಟು ‘ಕಡಿಮೆ ಹಾನಿ’ ಎಂಬ ಬಿರುದಿನೊಂದಿಗೆ ಬಂದಿತು. 2019ರಲ್ಲಿ ಭಾರತ ಅದನ್ನು ನಿಷೇಧಿಸಿತು.

ಅಕ್ಬರನ ಹಕೀಮನು ಬಯಸಿದ ಪರೀಕ್ಷೆ ನಡೆಯಲು ಸುಮಾರು 345 ವರ್ಷ ಹಿಡಿಯಿತು. 1950ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬುವರು ಆಸ್ಪತ್ರೆಗಳ ರೋಗಿಗಳನ್ನು ವಿಚಾರಿಸಿ, ಶ್ವಾಸಕೋಶದ ಕ್ಯಾನ್ಸರಿಗೂ ಧೂಮಪಾನಕ್ಕೂ ಇರುವ ನಂಟನ್ನು ಪ್ರಕಟಿಸಿದರು. ಅನಂತರ ಬ್ರಿಟಿಷ್ ವೈದ್ಯರ ಜೀವನವನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿ ನೋಡಲಾಯಿತು. 2004ರಲ್ಲಿ ಹೊರಬಂದ ಫಲ ಇದು: ಜೀವನವಿಡೀ ಸಿಗರೇಟು ಸೇದುವವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ. ಬೀಡಿ ಸಣ್ಣದು, ಎಲೆಯದು, ನಿರಪಾಯ ಎನ್ನುವವರಿದ್ದಾರೆ. ತಮಿಳುನಾಡಿನ ಸಾವುಗಳನ್ನು ಪರಿಶೀಲಿಸಿದ ವೈದ್ಯರು 2003ರಲ್ಲಿ, ಕ್ಷಯದಿಂದ ಸಾಯುವ ಭಾರತೀಯ ಗಂಡಸರಲ್ಲಿ ಸುಮಾರು ಅರ್ಧದಷ್ಟು ಸಾವುಗಳಿಗೆ ಧೂಮಪಾನವೇ ಕಾರಣವೆಂದು ತೋರಿಸಿದರು. 2008ರ ಇನ್ನೊಂದು ಅಧ್ಯಯನದ ಲೆಕ್ಕದಲ್ಲಿ 2010ರ ದಶಕದಲ್ಲಿ ನಮ್ಮ ದೇಶದಲ್ಲಿ ಧೂಮಪಾನದಿಂದ ವರ್ಷಕ್ಕೆ ಸುಮಾರು ಹತ್ತು ಲಕ್ಷ ಸಾವು. ಜಗಿಯುವ ಹೊಗೆಸೊಪ್ಪು ಬಾಯಿಯ ಕ್ಯಾನ್ಸರಿಗೆ ಕಾರಣ. ತಾಂಬೂಲದ ಅಡಿಕೆಯನ್ನು ಕೂಡ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹಳೆಯದೆಂಬ ಕಾರಣಕ್ಕೆ ಯಾವುದಕ್ಕೂ ವಿನಾಯಿತಿಯಿಲ್ಲ.

ಇಷ್ಟು ತಿಳಿದ ಮೇಲೂ ಜನ ಏಕೆ ಬಿಡುವುದಿಲ್ಲ? ಕನ್ನಡದಲ್ಲಿ ಬಾವಿಯ ನೀರನ್ನೂ ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ನೀರು ಸೇದಿದರೆ ಬಾಯಾರಿಕೆ ಇಂಗುತ್ತದೆ. ಹೊಗೆ ಸೇದಿದರೆ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟಿ ಹಿತವೆನಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಬೇಕೆನಿಸುತ್ತದೆ. ತಾನೇ ಹುಟ್ಟಿಸಿದ ದಾಹವನ್ನು ತಾನೇ ತಣಿಸುವ ವಸ್ತುವಿದು. ಬಿಡಲಾರದವನನ್ನು ದುರ್ಬಲನೆಂದು ಹಳಿಯುವುದು ತರವಲ್ಲ. ಅವನಿಗೆ ಬೇಕಾದದ್ದು ಚಿಕಿತ್ಸೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅದಕ್ಕೆಂದೇ ಒಂದು ಕೇಂದ್ರವಿದೆ. ಪಿರಿಯಾಪಟ್ಟಣ, ಹುಣಸೂರುಗಳ ಬೆಳೆಗಾರನೂ ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರೂ ಈ ಸೊಪ್ಪಿಗೇ ಸಿಕ್ಕಿಕೊಂಡವರು. ಅವರಿಗೆ ಬೇರೆ ದಾರಿ ತೋರಿಸದೆ ನಾವು ಆಡುವ ಉಪದೇಶ ಅರ್ಧದ ಉಪದೇಶ.

ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾವನ್ನೂ 2024ರಲ್ಲಿ ಹುಕ್ಕಾವನ್ನೂ ನಿಷೇಧಿಸಿತು. ಇವು ಬೇಕಾದ ಕ್ರಮಗಳೇ. ಆದರೆ ಜಹಾಂಗೀರನ ಅಪ್ಪಣೆಯ ಗತಿಯನ್ನು ಬಲ್ಲವರು ಕಾನೂನೊಂದನ್ನೇ ನಂಬಿ ಕೂಡುವಂತಿಲ್ಲ. ಗೆಳೆಯನು ಮೊದಲ ಸಿಗರೇಟನ್ನೋ ಗಾಂಜಾವನ್ನೋ ಇನ್ನೊಂದು ಪುಡಿಯನ್ನೋ ಮುಂದೆ ಹಿಡಿದು, ಒಂದು ಸಲ ನೋಡು, ಲೋಕವೇ ಮಾಡುತ್ತಿದೆ ಎಂದಾಗ, ಅದು ಅಸದ್ ಬೇಗನ ಹಳೆಯ ವಾದವೆಂದು ತರುಣ ಕೇಳುಗರು ಗುರುತಿಸಬೇಕು. ಅಂದಿನ ಹಕೀಮನಲ್ಲಿ ಸಂದೇಹ ಮಾತ್ರವಿತ್ತು, ನಮ್ಮಲ್ಲಿ ಪ್ರಮಾಣವಿದೆ. ಈಗಾಗಲೇ ಸೇದುತ್ತಿರುವವರಿಗೂ ಅದೇ ಐವತ್ತು ವರ್ಷದ ಪರೀಕ್ಷೆ ಒಂದು ಸಮಾಧಾನವನ್ನು ಕೊಟ್ಟಿದೆ. ಮೂವತ್ತರಲ್ಲಿ ಬಿಟ್ಟವರು ಕಳೆದುಕೊಳ್ಳಲಿದ್ದ ಹತ್ತು ವರ್ಷಗಳನ್ನು ಬಹುಮಟ್ಟಿಗೆ ಪೂರ್ತಿಯಾಗಿ ಉಳಿಸಿಕೊಂಡರು. ನಲವತ್ತರಲ್ಲಿ ಬಿಟ್ಟವರು ಒಂಬತ್ತು, ಐವತ್ತರಲ್ಲಿ ಬಿಟ್ಟವರು ಆರು ವರ್ಷ ಗಳಿಸಿದರು. ನನ್ನ ವಯಸ್ಸಿನವರು, ಅರವತ್ತರಲ್ಲಿ ಬಿಟ್ಟವರು ಕೂಡ, ಮೂರು ವರ್ಷ ಹೆಚ್ಚು ಬದುಕಿದರು. ಮೊಮ್ಮಕ್ಕಳ ಜೊತೆ ಕಳೆಯುವ ಮೂರು ವರ್ಷ ಸಣ್ಣ ಗಳಿಕೆಯಲ್ಲ.