ಬ್ರೈಟನ್ನಿನಲ್ಲಿ ಪಾಟ್ನಾದ ಚಂಪಿ

ಇಂಗ್ಲೆಂಡಿನ ಬ್ರೈಟನ್ ಕಡಲತೀರದಲ್ಲಿ ಈಗ ಜನ ಸೌನಾದಲ್ಲಿ ಬೆವರಿ, ಎದ್ದು ಹೋಗಿ ಕೊರೆಯುವ ಸಮುದ್ರಕ್ಕಿಳಿಯುತ್ತಾರೆ. ಹೊಸ ಹುಚ್ಚು ಅಂದುಕೊಂಡಿರಾ? 1750ರಲ್ಲೇ ಡಾ. ರಿಚರ್ಡ್ ರಸೆಲ್ ಗ್ರಂಥಿರೋಗಕ್ಕೆ ಸಮುದ್ರದ ನೀರೇ ಮದ್ದೆಂದು ಲ್ಯಾಟಿನ್‌ನಲ್ಲಿ ಬರೆದಿದ್ದರು. ಮೀಯುವುದಷ್ಟೇ ಅಲ್ಲ, ಕುಡಿಯಬೇಕಂತೆ! ಗಾಲಿಯ ಗೂಡಿನಲ್ಲಿ ನೀರಿಗೆ ಬಂದವರನ್ನು ಮಾರ್ಥಾ ಗನ್‌ರಂಥ ಗಟ್ಟಿಗಿತ್ತಿಯರು ಹಿಡಿದು ಮುಳುಗಿಸುತ್ತಿದ್ದರು.

ಹಬೆಸ್ನಾನಕ್ಕೆ ಅಲ್ಲಿ ಹೆಸರು ತಂದವರು ಮಾತ್ರ ನಮ್ಮ ಪಾಟ್ನಾದ ಶೇಖ್ ದೀನ್ ಮಹಮ್ಮದ್. 1810ರಲ್ಲಿ ಲಂಡನ್ನಿನಲ್ಲಿ ಭಾರತೀಯ ಊಟದ ಹೋಟೆಲ್ ತೆರೆದು ದಿವಾಳಿಯಾದ ಮನುಷ್ಯ! ಬ್ರೈಟನ್ನಿಗೆ ಬಂದು, ಫ್ಲಾನೆಲ್ ಗುಡಾರದೊಳಗೆ ಗಿಡಮೂಲಿಕೆಯ ಹಬೆ ಕೊಟ್ಟು, ಹೊರಗಿನಿಂದ ಕೈ ತೂರಿಸಿ ಮೈ ನೀವಿದರು. ಮೊದಲು ನಕ್ಕರು, ಆಮೇಲೆ ನಾಲ್ಕನೇ ಜಾರ್ಜ್ ದೊರೆಯೇ ಅವರನ್ನು ನೇಮಿಸಿಕೊಂಡ. ನಿಮ್ಮ ಶಾಂಪೂ ಅನ್ನುವ ಮಾತು ಈ ಚಂಪಿಯದೇ ನೆಂಟ. 1851ರಲ್ಲಿ ತೀರಿಕೊಂಡ ಅವರ ಸಮಾಧಿ, ಮಾರ್ಥಾ ಮಲಗಿರುವ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲೇ ಇದೆ.