ರೋಗಿಯ ಬಳಿಗೆ ಕಳುಹಿಸುವವರು ಯಾರು? ಕರಾವಳಿಯ ಆಸ್ಪತ್ರೆಗಳು, ಪೆಂತೆಕೊಸ್ತ್ ಸೇವಕರು ಮತ್ತು ಸಭಾ ಅನುಮೋದನೆ

ಕಾಪು ಪರಿಸರದ ಜನರಿಗೆ ರೋಗ ಉಲ್ಬಣಿಸಿದಾಗ ಹೆದ್ದಾರಿಯ ಎರಡು ದಿಕ್ಕುಗಳು ತೆರೆದಿರುತ್ತವೆ: ಉತ್ತರಕ್ಕೆ ಉಡುಪಿ ಮತ್ತು ಮಣಿಪಾಲ, ದಕ್ಷಿಣಕ್ಕೆ ಮಂಗಳೂರು. ರೋಗಿಯು ಪೆಂತೆಕೊಸ್ತ್ ಸಭೆಗೆ ಸೇರಿದವರಾಗಿದ್ದರೆ ಅವರ ಹಿಂದೆಯೇ ಸಭಾಪಾಲಕರೂ ಹೊರಡುತ್ತಾರೆ. ಆಸ್ಪತ್ರೆಯ ಬಾಗಿಲಲ್ಲಿ ಅವರು ಯಾರು? ರೋಗಿಯ ಬಂಧುವೇ, ಸಂದರ್ಶಕರೇ, ಅಥವಾ ಆರೈಕೆಯಲ್ಲಿ ಪಾಲುಗಾರರಾದ ಧಾರ್ಮಿಕ ಸೇವಕರೇ? ಅವರನ್ನು ಕಳುಹಿಸಿದವರು ಯಾರು? ಅವರ ಮಾತಿಗೂ ನಡತೆಗೂ ಉತ್ತರ ಕೊಡುವವರು ಯಾರು?

ಈ ಪ್ರಶ್ನೆಗಳಿಗೆ ಸಭೆಯೊಂದು ಲಿಖಿತವಾಗಿ ಕೊಡುವ ಉತ್ತರವನ್ನೇ ನಾವು ಇಲ್ಲಿ ಸಭಾ ಅನುಮೋದನೆ ಎಂದು ಕರೆಯುತ್ತೇವೆ. ಇವರು ನಮ್ಮವರು, ಇವರ ಕರೆಯನ್ನು ನಾವು ಪರೀಕ್ಷಿಸಿದ್ದೇವೆ, ಇವರಿಗಾಗಿ ನಾವು ಹೊಣೆ ಹೊರುತ್ತೇವೆ, ತಪ್ಪಿ ನಡೆದರೆ ಈ ಹೊಣೆಯನ್ನು ಹಿಂದಕ್ಕೆ ಪಡೆಯುತ್ತೇವೆ ಎಂಬ ನಾಲ್ಕು ಮಾತುಗಳು ಅದರಲ್ಲಿ ಅಡಗಿವೆ. ಅನುಮೋದನೆಯು ಪಾಲಕರ ಗೌರವಕ್ಕಾಗಿ ಕೊಡುವ ಬಿರುದಲ್ಲ. ನಿರಾಯುಧನಾಗಿ ಮಲಗಿರುವ ರೋಗಿಗೆ ಸಭೆಯು ಕೊಡುವ ಭರವಸೆ. ನಮ್ಮ ಕರಾವಳಿಯ ಚರಿತ್ರೆಯನ್ನು ಈ ದೃಷ್ಟಿಯಿಂದ ಓದಿದರೆ, ಒಂದು ಕಾಲದಲ್ಲಿ ತಾನಾಗಿಯೇ ಇದ್ದ ಆ ಭರವಸೆ ಹೇಗೆ ಕಳಚಿಹೋಯಿತೆಂಬುದು ಕಾಣುತ್ತದೆ.

ಮುದ್ರೆಯ ಚರಿತ್ರೆ

ಭಾರತಕ್ಕೆ 'ಚಾಪ್ಲೆನ್' ಎಂಬ ಹುದ್ದೆ ಬ್ರಿಟಿಷ್ ವ್ಯಾಪಾರಿಗಳ ಸಂಗಡ ಬಂದಿತು. 1698ರ ಸನ್ನದು ಕಂಪನಿಯ ದಂಡುಗಳಲ್ಲಿಯೂ ಮುಖ್ಯ ಕೋಠಿಗಳಲ್ಲಿಯೂ ಸಭಾಸೇವಕರನ್ನು ಇರಿಸಬೇಕೆಂದು ವಿಧಿಸಿತು. ಹಾಗೆ ಬರುವವರು ಕ್ಯಾಂಟರ್ಬರಿಯ ಮಹಾಬಿಷಪರ ಅಥವಾ ಲಂಡನ್ನಿನ ಬಿಷಪರ ಒಪ್ಪಿಗೆ ಪಡೆದಿರಬೇಕಾಗಿತ್ತು. 1813ರ ಸನ್ನದು ಕಾಯ್ದೆಯ ಮೂಲಕ ಕಲ್ಕತ್ತೆಗೆ ಬಿಷಪರ ನೇಮಕವಾದ ಮೇಲೆ ಆ ಅಧಿಕಾರಕ್ಕೆ ಈ ದೇಶದಲ್ಲಿಯೇ ಒಂದು ಪೀಠ ದೊರೆಯಿತು. ಆರಂಭದಿಂದಲೇ ಅನುಮೋದನೆ ಎಂದರೆ ಬಿಷಪರ ಮುದ್ರೆ ಎಂಬ ಸಮೀಕರಣ ಬೇರೂರಿತು.

1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆ ಈ ಸಮೀಕರಣವನ್ನು ಕಾನೂನಾಗಿಸಿತು. ಬಿಷಪರಿಂದ ದೀಕ್ಷೆ ಹೊಂದಿದವರಿಗೂ ಸ್ಕಾಟ್ಲೆಂಡಿನ ಸಭೆಯ ಪಾಲಕರಿಗೂ ವಿವಾಹ ನೆರವೇರಿಸಲು ಪ್ರತ್ಯೇಕ ಪರವಾನಗಿ ಬೇಕಾಗಿರಲಿಲ್ಲ. ಇತರ ಸಭಾಸೇವಕರು ಸರಕಾರದಿಂದ ಪರವಾನಗಿ ಪಡೆಯಬೇಕಾಗಿತ್ತು. ಆಗ ಪೆಂತೆಕೊಸ್ತ್ ಸಭೆಗಳು ಹುಟ್ಟಿರಲಿಲ್ಲ. ಹುಟ್ಟಿದ ಮೇಲೆ ಅವರ ಪಾಲಕರು ಈ ಎರಡನೆಯ ಸಾಲಿನಲ್ಲಿ ನಿಲ್ಲಬೇಕಾಯಿತು. ಸೇನೆಯ ನಿಯಮವೂ ಇಂಥದೇ. ಧಾರ್ಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಹಾಕುವ ಪಾದ್ರಿಯು ಯುಕ್ತ ಸಭಾಧಿಕಾರದಿಂದ ದೀಕ್ಷೆ ಪಡೆದವರಾಗಿರುವುದಲ್ಲದೆ ಸ್ಥಳೀಯ ಬಿಷಪರ ಅನುಮೋದಿತ ಪಟ್ಟಿಯಲ್ಲಿಯೂ ಇರಬೇಕೆಂದು ನೇಮಕಾತಿಯ ಷರತ್ತು ಹೇಳುತ್ತದೆ. ಬಿಷಪರೇ ಇಲ್ಲದ ಸಭೆಯವರು ಯಾರ ಪಟ್ಟಿಯಲ್ಲಿ ಇರಬೇಕು? ಷರತ್ತು ಬರೆದವರಿಗೆ ಈ ಪ್ರಶ್ನೆ ಹೊಳೆದಂತಿಲ್ಲ.

ಮಿಷನ್ ಆಸ್ಪತ್ರೆಯ ಒಂದೇ ಮನೆ

ಬಾಸೆಲ್ ಮಿಷನಿನ ಮೊದಲ ಸೇವಕರು 1834ರಲ್ಲಿ ಮಂಗಳೂರಿನಲ್ಲಿ ಇಳಿದರು. ಉಡುಪಿಯಲ್ಲಿ ಸ್ವಿಸ್ ವೈದ್ಯೆ ಡಾ. ಇವಾ ಲೊಂಬಾರ್ಡ್ ಅವರು 1923ರಲ್ಲಿ ಆರಂಭಿಸಿದ ಆಸ್ಪತ್ರೆ ಮುಂದೆ ಅವರ ಹೆಸರನ್ನೇ ಹೊತ್ತಿತು. ಊರಿನವರ ಬಾಯಲ್ಲಿ ಅದು ಇಂದಿಗೂ 'ಮಿಷನ್ ಆಸ್ಪತ್ರೆ'. ಅದಕ್ಕೂ ಮೊದಲು, 1880ರಲ್ಲಿ, ಯೇಸುಸಭೆಯ ಫಾದರ್ ಮುಲ್ಲರ್ ಅವರು ಮಂಗಳೂರಿನ ಕಂಕನಾಡಿಯಲ್ಲಿ ಔಷಧಾಲಯ ತೆರೆದು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನೂ ಕಟ್ಟಿದ್ದರು.

ದಕ್ಷಿಣ ಭಾರತದ ಮಿಷನ್ ಆಸ್ಪತ್ರೆಗಳಲ್ಲಿ ವೈದ್ಯರು, ದಾದಿಯರು, ವಾರ್ಡಿನಲ್ಲಿ ಓದಿ ಪ್ರಾರ್ಥಿಸುವ ಬೈಬಲ್ ಸ್ತ್ರೀಯರು, ಸುವಾರ್ತಿಕರು ಎಲ್ಲರೂ ಒಂದೇ ಮನೆಯವರು. ಯಾರು ಕಳುಹಿಸಿದರೆಂದು ಕೇಳುವ ಅಗತ್ಯವೇ ಇರಲಿಲ್ಲ. ರೋಗಿಯ ಬಳಿ ನಿಂತವರು ತಪ್ಪು ಮಾಡಿದರೆ ದೂರು ಹೇಳಲು ಒಂದು ಬಾಗಿಲಿತ್ತು. ಕಥೋಲಿಕ ಸಭೆಯಲ್ಲಿ ಈ ಕ್ರಮ ಇನ್ನೂ ಸ್ಪಷ್ಟ: 1983ರ ಧರ್ಮಸಭಾ ಸಂಹಿತೆಯು 564ರಿಂದ 572ರವರೆಗಿನ ವಿಧಿಗಳಲ್ಲಿ ಚಾಪ್ಲೆನರ ನೇಮಕ, ಅಧಿಕಾರ, ಹೊಣೆಗಾರಿಕೆಗಳನ್ನು ನಿರೂಪಿಸುತ್ತದೆ.

ಆದರೆ ಆ ಒಂದೇ ಮನೆಯ ಏರ್ಪಾಡಿಗೆ ಒಂದು ನೆರಳೂ ಇತ್ತು. ಚಿಕಿತ್ಸೆ ಕೊಡುವವರೇ ಬೋಧಿಸುವವರೂ ಆದಾಗ, ಬೇಡವೆನ್ನುವ ಸ್ವಾತಂತ್ರ್ಯ ರೋಗಿಗೆ ಎಷ್ಟು ಉಳಿದಿತ್ತು? ಕೃತಜ್ಞತೆಯಿಂದ ಕೇಳಿದವರೆಷ್ಟು, ಸಂಕೋಚದಿಂದ ಕೇಳಿದವರೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ಅನುಮೋದನೆಯ ಚರಿತ್ರೆ ಬರೆಯುವವರು ಕಳುಹಿಸಿದವರ ಅಧಿಕಾರವನ್ನು ಮಾತ್ರ ನೋಡದೆ, ಬರಮಾಡಿಕೊಂಡವರ ಸಮ್ಮತಿಯನ್ನೂ ವಿಚಾರಿಸಬೇಕಾಗುತ್ತದೆ.

1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ನಂತರ ಈ ಪ್ರದೇಶದ ಆರೋಗ್ಯಸೇವೆಯ ಕೇಂದ್ರವೇ ಸ್ಥಳಾಂತರಗೊಂಡಿತು. ಇಂದು ಕಾಪು, ಕಾರ್ಕಳಗಳ ರೋಗಿಗಳು ತಲುಪುವ ದೊಡ್ಡ ಆಸ್ಪತ್ರೆ ಯಾವ ಸಭೆಯದೂ ಅಲ್ಲ. ಎಲ್ಲ ಮತದವರೂ ಅಲ್ಲಿ ಸಮಾನ ರೋಗಿಗಳು. ಇದು ಒಳ್ಳೆಯದೇ. ಆದರೆ ಮಿಷನ್ ಆಸ್ಪತ್ರೆಯ ಗೋಡೆಗಳೊಳಗೆ ಮಾತಿಲ್ಲದೆ ನಡೆದುಬಂದ ಅನುಮೋದನೆ, ಆ ಗೋಡೆಗಳ ಹೊರಗೆ ಮಾತಿನಲ್ಲಿ, ಬರಹದಲ್ಲಿ ಹುಟ್ಟಬೇಕಾಯಿತು. ಹಳೆಯ ಸಭೆಗಳಿಗೆ ಧರ್ಮಪ್ರಾಂತ್ಯದ ಪತ್ರಶಿರವಾದರೂ ಇತ್ತು. ಪೆಂತೆಕೊಸ್ತ್ ಸಭೆಗಳಲ್ಲಿ ಅನೇಕಕ್ಕೆ ಅದೂ ಇರಲಿಲ್ಲ.

ಮಾಳದಿಂದ ಮುಕ್ತಿಗೆ

ಪೆಂತೆಕೊಸ್ತ್ ಚಳವಳಿ ಹೊರಗಿನಿಂದ ಬಂದದ್ದೆಂದು ಹೇಳುವವರು ಪಂಡಿತಾ ರಮಾಬಾಯಿಯವರನ್ನು ಮರೆತಂತೆ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಮೂಲ ಕಾರ್ಕಳ ಸೀಮೆಯ ಮಾಳ. ರಮಾಬಾಯಿಯವರು 1858ರಲ್ಲಿ ಹುಟ್ಟಿದ್ದು ಘಟ್ಟದ ಗಂಗಾಮೂಲದಲ್ಲಿ. 1905ರಲ್ಲಿ ಕೇಡಗಾಂವದ ಅವರ ಮುಕ್ತಿ ಮಿಷನಿನಲ್ಲಿ ಉಂಟಾದ ಉಜ್ಜೀವನವನ್ನು ಚರಿತ್ರಕಾರರು 1906ರ ಅಜುಸಾ ಬೀದಿಯ ಉಜ್ಜೀವನದ ಜೊತೆಯಲ್ಲಿಯೇ ಎಣಿಸುತ್ತಾರೆ. ಕ್ಷಾಮದಲ್ಲಿ ಅನಾಥರಾದವರು, ವಿಧವೆಯರು, ಅಂಧರು, ರೋಗಿಗಳು ಸೇರಿದ್ದ ಮನೆಯಲ್ಲಿ ಆ ಬೆಂಕಿ ಹೊತ್ತಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಶುಶ್ರೂಷೆಯೂ ಆತ್ಮದ ಅಭಿಷೇಕವೂ ಅಲ್ಲಿ ಎರಡಾಗಿರಲಿಲ್ಲ.

ಅನುಮೋದನೆಯ ಕಹಿಯನ್ನೂ ರಮಾಬಾಯಿಯವರು ಉಂಡಿದ್ದರು. 1883ರಲ್ಲಿ ವಾಂಟೇಜಿನಲ್ಲಿ ದೀಕ್ಷಾಸ್ನಾನ ಹೊಂದಿದ ಅವರು ಚೆಲ್ಟನ್‌ಹ್ಯಾಮಿನಲ್ಲಿದ್ದಾಗ, ಪುರುಷ ವಿದ್ಯಾರ್ಥಿಗಳಿಗೆ ಪಾಠ ಹೇಳಬಾರದೆಂದು ಬಿಷಪರು ಆಕ್ಷೇಪಿಸಿದರು. ಸಭಾಧಿಕಾರಕ್ಕೆ ಮನಸ್ಸಾಕ್ಷಿಯನ್ನು ಒಪ್ಪಿಸಲು ಅವರು ನಿರಾಕರಿಸಿದರು. ಮುದ್ರೆಯೊತ್ತುವ ಕೈ ಬಾಗಿಲು ಮುಚ್ಚುವ ಕೈಯೂ ಆಗಬಲ್ಲದೆಂಬ ಪೆಂತೆಕೊಸ್ತ್ ಸಂಶಯಕ್ಕೆ ಹೀಗೆ ಚರಿತ್ರೆಯ ಆಧಾರವಿದೆ.

ಮುಂದೆ 1913ರಲ್ಲಿ ರಾಬರ್ಟ್ ಕುಕ್ ಬೆಂಗಳೂರಿಗೆ ಬಂದರು. 1920ರ ದಶಕದಲ್ಲಿ ಕೇರಳದಲ್ಲಿಯೂ ಸಿಲೋನಿನಲ್ಲಿಯೂ ಸ್ವದೇಶೀ ಪೆಂತೆಕೊಸ್ತ್ ಸಭೆಗಳು ರೂಪುಗೊಂಡವು. ಔಷಧದ ವಿಷಯದಲ್ಲಿ ಅವರೆಲ್ಲರದೂ ಒಂದೇ ನಿಲುವಾಗಿರಲಿಲ್ಲ. ಸಿಲೋನ್ ಪೆಂತೆಕೊಸ್ತ್ ಮಿಷನಿನ ಸೇವಕರು ಔಷಧವನ್ನು ತ್ಯಜಿಸಿ ದೈವಿಕ ಸ್ವಸ್ಥತೆಯನ್ನೇ ನೆಚ್ಚಿದರು. ಅದೇ ಪರಂಪರೆಯ ಇನ್ನೊಂದು ಕವಲಿನವರಾದ ಅಸೆಂಬ್ಲೀಸ್ ಆಫ್ ಗಾಡ್‌ನ ಮಾರ್ಕ್ ಬಂಟೈನ್ 1977ರಲ್ಲಿ ಕಲ್ಕತ್ತೆಯಲ್ಲಿ ಆಸ್ಪತ್ರೆಯನ್ನೇ ತೆರೆದರು. ಆದಕಾರಣ 'ಪೆಂತೆಕೊಸ್ತ್ ಪಾಲಕರು' ಎಂಬ ಹೆಸರನ್ನು ಕೇಳಿದ ಮಾತ್ರಕ್ಕೆ, ಅವರು ರೋಗಿಗೆ ಮಾತ್ರೆ ನುಂಗಲು ಹೇಳುವರೋ ಬಿಡಲು ಹೇಳುವರೋ ಎಂದು ಆಸ್ಪತ್ರೆಯವರಿಗೆ ತಿಳಿಯದು. ಅವರ ಹಿಂದೆ ನಿಂತ ಸಭೆಯೇ ಅದನ್ನು ತಿಳಿಸಬೇಕು.

ಅನ್ಯದೇಶದ ಒಂದು ಪಾಠ

ಅಮೆರಿಕದಲ್ಲಿ ಈ ತೊಡಕು ಬೇರೆ ರೀತಿಯಲ್ಲಿ ಬಗೆಹರಿಯಿತು. ನಿಜವಾದ ಸಭಾಸೇವಕರು ಯಾರೆಂದು ತೀರ್ಮಾನಿಸುವ ಹಕ್ಕು ಅಲ್ಲಿನ ಸರಕಾರಕ್ಕಿಲ್ಲ. ಆದುದರಿಂದ ಅದು ಆಯಾ ಸಭೆಯನ್ನೇ ಕೇಳುತ್ತದೆ. 1914ರಲ್ಲಿ ಸ್ಥಾಪಿತವಾದ ಅಸೆಂಬ್ಲೀಸ್ ಆಫ್ ಗಾಡ್ ಸಭೆಯ ಮೊದಲ ಸೇನಾ ಚಾಪ್ಲೆನರು 1941ರಲ್ಲಿ ನೇಮಕಗೊಂಡರು. ಸಭೆಯು ಹೊಣೆ ಹೊರುವ ಈ ಕ್ರಮ ಆಸ್ಪತ್ರೆಗಳಿಗೂ ಹಾಸ್ಪಿಸ್‌ಗಳಿಗೂ ಹಬ್ಬಿತು. ಇದರ ಜೊತೆಗೆ 1925ರಲ್ಲಿ ಆಂಟನ್ ಬಾಯ್ಸೆನ್ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ರೋಗಿಗಳ ನಡುವೆ ಇರಿಸಿ ಕಲಿಸಿದ ಪದ್ಧತಿ ಬೆಳೆದುಬಂದಿತು. ಸ್ವತಃ ಮಾನಸಿಕ ರೋಗಿಯಾಗಿ ಆಸ್ಪತ್ರೆಯಲ್ಲಿದ್ದ ಬಾಯ್ಸೆನ್, ಸಂಕಟದಲ್ಲಿರುವ ಮನುಷ್ಯನನ್ನು ಗ್ರಂಥದಂತೆ ಗೌರವದಿಂದ ಓದಬೇಕೆಂದರು. ಸಭೆಯ ಅನುಮೋದನೆ ಮತ್ತು ವಾರ್ಡಿನಲ್ಲಿ ಪಡೆದ ತರಬೇತಿ ಎಂಬ ಎರಡು ಕಾಲುಗಳ ಮೇಲೆ ಅಲ್ಲಿನ ಚಾಪ್ಲೆನ್ ಸೇವೆ ನಿಂತಿದೆ.

ನಮ್ಮಲ್ಲಿ ಎರಡನೆಯ ಕಾಲು ಬೆಳೆಯುತ್ತಿದೆ. ಭಾರತೀಯ ಕ್ರೈಸ್ತ ವೈದ್ಯಕೀಯ ಸಂಘದಲ್ಲಿ ವೈದ್ಯರು, ದಾದಿಯರ ಜೊತೆಗೆ ಚಾಪ್ಲೆನರಿಗೂ ಒಂದು ವಿಭಾಗವಿದೆ. ವೆಲ್ಲೂರಿನಲ್ಲಿಯೂ ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿಯೂ ಚಾಪ್ಲೆನ್ ಸೇವೆಗೆ ಗೌರವದ ಸ್ಥಾನವಿದೆ. ಮೊದಲನೆಯ ಕಾಲು, ಪೆಂತೆಕೊಸ್ತ್ ಸೇವಕರ ಮಟ್ಟಿಗೆ, ಇನ್ನೂ ಊರಬೇಕಾಗಿದೆ.

ಶಾಸ್ತ್ರದ ಸಾಕ್ಷ್ಯ

ಆತ್ಮನ ಕರೆಯೇ ಸಾಕಲ್ಲವೇ, ಮನುಷ್ಯರ ಪತ್ರವೇಕೆ? ಪೆಂತೆಕೊಸ್ತ್ ಸಹೋದರರು ಕೇಳುವ ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿ ಪೌಲನೇ ಶಿಫಾರಸು ಪತ್ರಗಳನ್ನು ಬದಿಗಿರಿಸುತ್ತಾನೆ. ಆದರೆ ಅಲ್ಲಿ ಅವನು ಮಾತನಾಡುವುದು ತನ್ನನ್ನು ಬಲ್ಲ, ತಾನು ಹೆತ್ತ ಸಭೆಯ ಸಂಗಡ. ಫೊಯಿಬೆಯು ತನ್ನನ್ನು ಅರಿಯದ ರೋಮಾಪುರದ ಸಭೆಗೆ ಹೊರಟಾಗ ಅದೇ ಪೌಲನು ಆಕೆಯನ್ನು ಹೆಸರೆತ್ತಿ ಒಪ್ಪಿಸುತ್ತಾನೆ; ಆಕೆ ಯಾವ ಸಭೆಯ ಸೇವಕಿಯೆಂಬುದನ್ನೂ ತಿಳಿಸುತ್ತಾನೆ. ಸ್ವಂತ ಸಭೆಯಲ್ಲಿ ಪಾಲಕರಿಗೆ ಪತ್ರ ಬೇಡ. ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅವರು ಫೊಯಿಬೆಯ ಸ್ಥಿತಿಯಲ್ಲಿದ್ದಾರೆ.

ಅಪೊಸ್ತಲರ ಕೃತ್ಯಗಳ ಹದಿಮೂರನೆಯ ಅಧ್ಯಾಯದಲ್ಲಿ ಬಾರ್ನಬನನ್ನೂ ಸೌಲನನ್ನೂ ಪ್ರತ್ಯೇಕಿಸಬೇಕೆಂದು ಹೇಳಿದವನು ಪವಿತ್ರಾತ್ಮನು. ಕೈಯಿಟ್ಟು ಕಳುಹಿಸಿಕೊಟ್ಟದ್ದು ಅಂತಿಯೋಕ್ಯದ ಸಭೆ. ಇವೆರಡರ ನಡುವೆ ವಿರೋಧವಿಲ್ಲ. ಪೆಂತೆಕೊಸ್ತ್ ಸಭೆಗಳಿಗೆ ಅತಿಪ್ರಿಯವಾದ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಗಮನಿಸಿದರೆ ಇನ್ನೂ ಎರಡು ಸಂಗತಿಗಳು ತೋರುತ್ತವೆ. ಹಿರಿಯರನ್ನು ಕರೆಯಿಸುವವನು ರೋಗಿ. ಹಿರಿಯರು ಕರೆಯದೆ ಬರುವುದಿಲ್ಲ. ಬರುವವರು ಸಭೆಯ ಹಿರಿಯರು, ಬಹುವಚನದಲ್ಲಿ. ಸ್ವಸ್ಥತೆಯ ವರವುಳ್ಳ ಒಬ್ಬಂಟಿ ವ್ಯಕ್ತಿಯಲ್ಲ. ರೋಗಿಯ ಸಮ್ಮತಿಯೂ ಸಭೆಯ ಹೊಣೆಯೂ ಎಣ್ಣೆಯ ಅಭಿಷೇಕಕ್ಕೆ ಮೊದಲೇ ಸೇರಿಕೊಂಡಿವೆ. ಮಿಷನ್ ಆಸ್ಪತ್ರೆಯ ಕಾಲದಲ್ಲಿ ಮಸುಕಾದದ್ದು ಮೊದಲನೆಯದು. ಇಂದು ಕಾಣೆಯಾದದ್ದು ಎರಡನೆಯದು.

ಇಂದಿನ ಹೊರೆ

ಈ ಚರ್ಚೆಯನ್ನು ಮುಂದೂಡಲಾಗದ ಕಾಲ ಬಂದಿದೆ. ಗುಣವಾಗದ ರೋಗಿಯ ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯುವ ಕುರಿತು ಸುಪ್ರೀಂ ಕೋರ್ಟು 2018ರಲ್ಲಿ ಕೊಟ್ಟು 2023ರಲ್ಲಿ ಸರಳಗೊಳಿಸಿದ ನಿರ್ದೇಶನಗಳನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ತೀರ್ಮಾನವನ್ನು ಪರಿಶೀಲಿಸುವ ಎರಡು ಮಂಡಳಿಗಳಲ್ಲಿ ಇರುವವರು ವೈದ್ಯರು. ಆದರೆ ಒಪ್ಪಿಗೆ ಕೊಡಬೇಕಾದ ಕುಟುಂಬ ಮೊದಲು ನೋಡುವುದು ತಮ್ಮ ಪಾಲಕರ ಮುಖವನ್ನು. ಒಪ್ಪಿಕೊಂಡರೆ ನಮ್ಮ ವಿಶ್ವಾಸ ಕುಂದಿದಂತಾಯಿತೇ ಎಂದು ಅವರು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಕೇಳುವಾಗ, ಉತ್ತರವು ಒಬ್ಬ ವ್ಯಕ್ತಿಯ ಆ ಗಳಿಗೆಯ ಆವೇಶದಿಂದ ಹೊರಡಬಾರದು. ಪ್ರಾರ್ಥಿಸಿ, ಚರ್ಚಿಸಿ, ನಿಲುವು ತಳೆದ ಸಭೆಯಿಂದ ಹೊರಡಬೇಕು. ಗುಣವಾಗದೆ ಸತ್ತವರ ವಿಶ್ವಾಸವನ್ನು ದೂಷಿಸುವ ಮಾತು ಉಳಿದವರ ಎದೆಯಲ್ಲಿ ವರ್ಷಗಟ್ಟಲೆ ಕೊಳೆಯುತ್ತದೆ. ಅಂಥ ಮಾತನ್ನು ತಡೆಯುವುದೂ ಅನುಮೋದನೆಯ ಕೆಲಸವೇ.

ಪಾಲಕರ ರಕ್ಷಣೆಗೂ ಅದು ಬೇಕು. 2022ರ ಕರ್ನಾಟಕದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯು ಆಮಿಷದ ವ್ಯಾಖ್ಯಾನದೊಳಗೆ ದೈವಿಕ ಅಸಮಾಧಾನದ ಮಾತನ್ನೂ ಸೇರಿಸಿತು. ರೋಗಿಯೇ ಕರೆಯಿಸಿದ್ದಾರೆ, ಸಭೆಯೇ ಕಳುಹಿಸಿದೆ ಎಂದು ತೋರಿಸಬಲ್ಲ ಪಾಲಕರ ಪ್ರಾರ್ಥನೆ ಸಂಶಯಕ್ಕೆ ಸುಲಭವಾಗಿ ಗುರಿಯಾಗದು.

ಆದುದರಿಂದ ನಾವು ಮೂರು ಸೂಚನೆಗಳನ್ನು ಸಭೆಗಳ ಮುಂದಿಡುತ್ತೇವೆ. ಮೊದಲನೆಯದಾಗಿ, ಉಡುಪಿ, ಕಾಪು, ಕಾರ್ಕಳ ಪ್ರದೇಶಗಳ ಪೆಂತೆಕೊಸ್ತ್ ಸಭೆಗಳು ಬಿಷಪರ ಪೀಠವನ್ನು ಅನುಕರಿಸಬೇಕಾಗಿಲ್ಲ. ಹಿರಿಯರ ಕೂಟವೊಂದನ್ನು ಸೇರಿಸಿ, ಕರೆಯನ್ನು ಪರೀಕ್ಷಿಸುವ, ಪತ್ರ ಕೊಡುವ, ದೂರು ಕೇಳುವ, ಅಗತ್ಯವಾದರೆ ಪತ್ರವನ್ನು ಹಿಂಪಡೆಯುವ ಅಧಿಕಾರವನ್ನು ಅದಕ್ಕೆ ಒಪ್ಪಿಸಬಹುದು. ಹಿಂಪಡೆಯಲಾಗದ ಅನುಮೋದನೆ ಅನುಮೋದನೆಯಲ್ಲ. ಎರಡನೆಯದಾಗಿ, ರೋಗಿಗಳ ಬಳಿ ಹೆಚ್ಚು ಹೊತ್ತು ಕುಳಿತು ಪ್ರಾರ್ಥಿಸುವ ಸ್ತ್ರೀಯರನ್ನು ಈ ಪಟ್ಟಿಯಿಂದ ಬಿಡಬಾರದು. ಬಿಟ್ಟರೆ ಫೊಯಿಬೆಯನ್ನೂ ರಮಾಬಾಯಿಯವರನ್ನೂ ಮತ್ತೊಮ್ಮೆ ಹೊರಗಿಟ್ಟಂತಾಗುತ್ತದೆ. ಮೂರನೆಯದಾಗಿ, ಧರ್ಮಪ್ರಾಂತ್ಯಗಳೂ ದೇವಶಾಸ್ತ್ರ ಕಾಲೇಜುಗಳೂ ತಮ್ಮ ಆಸ್ಪತ್ರೆ ತರಬೇತಿಯ ಬಾಗಿಲನ್ನು ಪೆಂತೆಕೊಸ್ತ್ ಸೇವಕರಿಗೆ ತೆರೆಯಬೇಕು. ಒಬ್ಬರ ಮುದ್ರೆಯನ್ನು ಇನ್ನೊಬ್ಬರು ಬೇಡುವ ಕ್ರಮ ಮುಗಿದು, ಒಬ್ಬರ ಅನುಭವವನ್ನು ಇನ್ನೊಬ್ಬರು ಹಂಚಿಕೊಳ್ಳುವ ಕ್ರಮ ಮೊದಲಾಗಲಿ.

ಹಳೆಯ ಸಭೆಗಳಿಗೆ ಸಂಸ್ಥೆಯ ಕಾಗದವಿದೆ. ಪೆಂತೆಕೊಸ್ತ್ ಸಭೆಗಳಿಗೆ ಮಧ್ಯರಾತ್ರಿಯಲ್ಲಿಯೂ ಎದ್ದು ಹೊರಡುವ ಕಾಲುಗಳಿವೆ. ರೋಗಿಗೆ ಎರಡೂ ಬೇಕು. ಬಂದವರು ಯಾರೆಂದೂ ಅವರನ್ನು ಕಳುಹಿಸಿದವರು ಯಾರೆಂದೂ ತಿಳಿದು, ಬೇಕಾದರೆ ಬರಮಾಡಿಕೊಂಡು, ಬೇಡವಾದರೆ ಬೇಡವೆನ್ನುವ ಬಿಡುಗಡೆ ರೋಗಿಗೆ ಸಲ್ಲಬೇಕಾದ ಋಣ. ಅದನ್ನು ಸಲ್ಲಿಸುವ ಹೊಣೆ ಆಸ್ಪತ್ರೆಗಿಂತ ಮೊದಲು ಸಭೆಯದು.